ಪೂರ್ವಕ್ಕೆ ಮುಖ ಮಾಡಿದ ಕಾರು

ಶಾಸ್ತ್ರವನ್ನು ಓದಿದವರಿಗಿಂತ ಶಾಸ್ತ್ರದ ಹೆಸರನ್ನು ಕೇಳಿದವರೇ ನೆರೆಹೊರೆಗೆ ಹೆಚ್ಚು ವಿಧಿಗಳನ್ನು ವಿಧಿಸುತ್ತಾರೆ. ಧಾರವಾಡದ ಮಾಳಮಡ್ಡಿಯ ಹಿಂದಿನ ಏರು ಓಣಿಯಲ್ಲಿ ಗುರುಶಿದ್ದಪ್ಪನವರ ಬೂದು ಬಣ್ಣದ ಕಾರು ಇದಕ್ಕೆ ನಿದರ್ಶನವಾಗಿ ನಿಂತಿತ್ತು. ನಿಂತಿತ್ತು ಎಂದರೂ ಪೂರ್ತಿ ಸತ್ಯವಾಗದು. ಅದನ್ನು ದಿನಕ್ಕೆರಡು ಸಲ ನಿಲ್ಲಿಸಲಾಗುತ್ತಿತ್ತು, ಮತ್ತು ನಿಲ್ಲಿಸುವ ಕೆಲಸ ಸೊಸೆ ಸುಕನ್ಯಾಳದಾಗಿತ್ತು.

ಗುರುಶಿದ್ದಪ್ಪನವರು ನೀರಾವರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿ, ಅಧೀಕ್ಷಕರೆಂಬ ಬಿರುದಿನೊಡನೆ ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ವಾಸ್ತುವಿನ ಮೇಲೆ ತೊಂಬತ್ತಾರು ಪುಟದ ಒಂದು ಹೊತ್ತಿಗೆಯನ್ನು ಕೊಂಡು ತಂದು, ಆರು ತಿಂಗಳೊಳಗೆ ಓಣಿಗೆ ಆಚಾರ್ಯರಾದರು. ಎದುರು ಮನೆಯ ಅಂಬಾಬಾಯಿ ಅವರ ಉಪದೇಶದಂತೆ ಒಲೆಯನ್ನು ಆಗ್ನೇಯಕ್ಕೆ ಸರಿಸಿ, ಹೊಗೆಯನ್ನೆಲ್ಲ ಮಲಗುವ ಕೋಣೆಗೆ ಬರಮಾಡಿಕೊಂಡಿದ್ದಳು. ಹೊಗೆ ಬರುತ್ತಿದೆಯೆಂದು ದೂರಿದಾಗ ಅವರು, "ಬರಲಿ ಬಿಡವಾ, ಅಗ್ನಿಯ ಪ್ರಸಾದ," ಎಂದಿದ್ದರು.

೧೯೯೯ರ ಯುಗಾದಿಗೆ ಅವರು ಹಳೆಯ ಸಹೋದ್ಯೋಗಿಯೊಬ್ಬರ ಕಾರನ್ನು ಕೊಂಡರು. ಮನೆ ಓಣಿಯ ದಕ್ಷಿಣದ ಬದಿಗಿತ್ತು. ಗೇಟು ದಾಟಿದರೆ ಕಾರೊಂದು ನಿರಾಯಾಸವಾಗಿ ಹಿಡಿಯುವ ಸಮತಟ್ಟಾದ ಅಂಗಳ. ಆದರೆ ಓಣಿಯಿಂದ ನೇರವಾಗಿ ಒಳಗೆ ಬಂದ ಕಾರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತದೆ; ದಕ್ಷಿಣವು ಯಮನ ದಿಕ್ಕು. ಹೊತ್ತಿಗೆಯ ಎಪ್ಪತ್ತೊಂದನೆಯ ಪುಟದಲ್ಲಿ ಒಂದು ಸಂಸ್ಕೃತದ ಸಾಲಿತ್ತು: 'ಪ್ರಾಙ್ಮುಖೋ ವಾಹನಂ ಸ್ಥಾಪಯೇತ್.' ವಾಹನವನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸತಕ್ಕದ್ದು ಎಂದು ಗುರುಶಿದ್ದಪ್ಪನವರು ಅರ್ಥ ಹೇಳಿದರು. ಪೂರ್ವವೆಂದರೆ ಓಣಿ ಏರುವ ಕಡೆ. ಹೀಗಾಗಿ ಅಂಗಳ ಬರಿದಾಗಿ ಉಳಿದು, ಕಾರು ಗೇಟಿನ ಹೊರಗೆ ಏರಿನ ಮೇಲೆ ಮೂಗೆತ್ತಿ ನಿಲ್ಲತೊಡಗಿತು.

ಅದರ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಹಿಡಿಯನ್ನು ಜಗ್ಗಿದರೆ ಹನ್ನೆರಡು ಸಲ ಕಟಕಟ ಎಂದು ಸದ್ದು ಮಾಡಿ ನೆಟ್ಟಗೆ ನಿಲ್ಲುತ್ತಿತ್ತು. ಕಾರು ಆ ಸದ್ದನ್ನು ಲೆಕ್ಕಿಸದೆ ಹಿಂದಕ್ಕೆ ಇಳಿಯುತ್ತಿತ್ತು. ಆದ್ದರಿಂದ ಗುರುಶಿದ್ದಪ್ಪನವರು ಬೆಳಿಗ್ಗೆ ಗುಡಿಯಿಂದಲೂ ಸಂಜೆ ವಾಸ್ತು ನೋಡಿದ ಮನೆಗಳಿಂದಲೂ ಮರಳಿ ಬಂದಾಗ, ಕಾಲಿನ ಬ್ರೇಕನ್ನು ಒತ್ತಿ ಹಿಡಿದು ಹಾರ್ನ್ ಬಾರಿಸುವರು. ಸುಕನ್ಯಾ ಒಲೆಯ ಮೇಲಿನದನ್ನು ಕೆಳಗಿಳಿಸಿ ಓಡಿಬಂದು, ಗಟಾರದ ಬದಿಯಲ್ಲಿದ್ದ ಹತ್ತು ಸೇರಿನ ಕರಿಕಲ್ಲನ್ನು ಎತ್ತಿ ಹಿಂದಿನ ಗಾಲಿಗೆ ಒತ್ತಿ ಇಟ್ಟು, "ಆತ್ರಿ," ಎನ್ನಬೇಕು. ಆಗ ಅವರು ಕಾಲು ತೆಗೆದು, ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ರಥದಿಂದ ಇಳಿದವರಂತೆ ಇಳಿಯುವರು. ಅವರು ಹೊರಟುಹೋದ ಮೇಲೆ ಓಣಿಯ ನಡುವೆ ಬಿದ್ದ ಕಲ್ಲನ್ನು ಮತ್ತೆ ಬದಿಗೆ ಸರಿಸುವುದೂ ಅವಳ ಪಾಲಿಗೇ. ಮೂರು ತಿಂಗಳಲ್ಲಿ ಓಣಿಯ ಹೆಂಗಸರು ಅವಳಿಗೆ 'ಬ್ರೇಕವ್ವ' ಎಂದು ಹೆಸರಿಟ್ಟಿದ್ದರು.

ಸುಕನ್ಯಾ ಸಂಸ್ಕೃತದಲ್ಲಿ ಎಂ.ಎ. ಮಾಡಿದವಳು, ಮೇಲೆ ಬಿ.ಎಡ್. ಮದುವೆಯಾಗಿ ಮೂರು ವರ್ಷವಾಗಿತ್ತು. ಜುಲೈ ಮೊದಲ ವಾರದಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರಿಂದ ಅವಳಿಗೆ ನೇಮಕದ ಕಾಗದ ಬಂದಿತು. ಆಗಸ್ಟ್ ಎರಡು, ಸೋಮವಾರ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯಲಾಗುವುದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸಂಜೆ ಎಣಗಾಯಿ ಬಡಿಸುತ್ತ ಅವಳು ವಿಷಯ ತೆಗೆದಳು.

"ಮಾವಾರ, ಹುಬ್ಬಳ್ಳಿ ಸಾಲಿಯಿಂದ ಕಾಗದ ಬಂದೈತ್ರಿ. ಸಂಸ್ಕೃತ ಕಲಿಸಾಕ ತಗೊಂಡಾರ."

ಗುರುಶಿದ್ದಪ್ಪನವರು ಬದನೆಕಾಯಿಯ ತೊಟ್ಟನ್ನು ಬೇರ್ಪಡಿಸಿ ತಟ್ಟೆಯ ಅಂಚಿಗಿಟ್ಟರು. "ಮುಂಜಾನೆ ಎಷ್ಟೊತ್ತಿಗೆ ಹೋಗೂದು?"

"ಏಳು ನಲವತ್ತರ ಬಸ್ಸಿಗ್ರಿ. ಸಂಜಿಗೆ ಆರೂವರಿಗೆ ಬಂದಬಿಡ್ತೇನಿ."

"ನಾ ಗುಡಿಯಿಂದ ಬರೂದು ಏಳು ಮುಕ್ಕಾಲಿಗೆ. ಸಂಜಿಗೆ ಆರಕ್ಕ." ಅವರು ತುತ್ತನ್ನು ನುಂಗಿದರು. "ಕಲ್ಲ ಯಾರು ಇಡಾವ್ರು?"

ಸುಕನ್ಯಾ ಇದನ್ನು ವಿನೋದವೆಂದು ತಿಳಿದು ಒಂದು ಕ್ಷಣ ಕಾದಳು. ವಿನೋದವಾಗಿರಲಿಲ್ಲ. ಅವಳ ಗಂಡ ಪರಮೇಶ ಲಕಮನಹಳ್ಳಿಯ ಒಂದು ಲೇತ್ ಕಾರಖಾನೆಯಲ್ಲಿ ಸೂಪರ್‌ವೈಜರ್. ತಯಾರಾದ ಬಿಡಿಭಾಗಗಳನ್ನು ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಅಳೆದು ತಿರಸ್ಕರಿಸುವುದು ಅವನ ಉದ್ಯೋಗ. ಮನೆಯಲ್ಲಿ ಅವನು ಏನನ್ನೂ ತಿರಸ್ಕರಿಸಿದವನಲ್ಲ. ಈಗಲೂ ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡುವುದರಲ್ಲಿ ಮಗ್ನನಾಗಿದ್ದ.

ಗೋಡೆಗೊರಗಿ ಕುಳಿತಿದ್ದ ಬೀರವ್ವ, ಗುರುಶಿದ್ದಪ್ಪನವರ ತಾಯಿ, ಎಂಬತ್ತೆರಡರ ಮುದುಕಿ, ಮಗನ ಕಡೆಗೆ ಕತ್ತು ತಿರುಗಿಸಿದಳು. "ಎರಡು ಡಿಗ್ರಿ ಕಲಿತಾಕಿ ಗಾಲಿ ಕಾಯಬೇಕೇನೋ ಗುರುಶಿದ್ದ? ಹಂಗಿದ್ರ ಒಂದು ಸಾಲಿ ಮೆಟ್ಟಲಾ ಹತ್ತದಾಕಿನ್ನ ತರೂದಿತ್ತು. ಅಗ್ಗ ಆಗತಿತ್ತು."

"ನಿನಗ ಇದು ತಿಳಿಯೂದಿಲ್ಲವ್ವಾ."

"ಕಲ್ಲ ತಿಳೀತೈತಿ. ಕಲ್ಲ ನೋಡೇನಿ."

ಮನೆಯ ಸೊಸೆಯ ಜೀವನವು ಒಂದು ತಂತಿಗೆ ಜೋತುಬಿದ್ದಿತೆಂದರೆ ಇಲ್ಲಿ ಅತಿಶಯೋಕ್ತಿಯಲ್ಲ. ಆ ತಂತಿ ಕಾರಿನ ಹೊಟ್ಟೆಯಡಿಯಲ್ಲಿ ಸಡಿಲಾಗಿ ನೇತಾಡುತ್ತಿತ್ತು. ಬ್ರೇಕು ದುರಸ್ತಿಯಾದರೆ ಮಾವನ ಆಕ್ಷೇಪಕ್ಕೆ ಆಧಾರವಿರುವುದಿಲ್ಲವೆಂದು ಸುಕನ್ಯಾ ಎಣಿಸಿದಳು. ಮಾರನೆಯ ವಾರ ಕಾಯಿಪಲ್ಲೆಗೆ ಹೋದವಳು ಟೋಲ್ ನಾಕಾದಲ್ಲಿ ಗ್ಯಾರೇಜ್ ಇಟ್ಟಿದ್ದ ಶರೀಫಸಾಬನಿಗೆ ಹೇಳಿ ಬಂದಳು. ಅವನು ಭಾನುವಾರ ಬೆಳಿಗ್ಗೆ ಮೊಪೆಡ್ಡಿನ ಮೇಲೆ ಬಂದು, ಗೋಣಿಚೀಲ ಹಾಸಿ ಕಾರಿನಡಿ ತೂರಿ, ಎರಡೇ ನಿಮಿಷದಲ್ಲಿ ಹೊರಬಂದ.

"ಕೇಬಲ್ ಜಗ್ಗೇತ್ರಿ, ಯಜಮಾನ್ರ. ಹಿಂದಿನ ಡ್ರಮ್ಮಿನ್ಯಾಗ ಲೈನರೂ ಸವದಾವು. ನಾಕೈದು ಕಟಕಟದಾಗ ಹಿಡೀಬೇಕಾದ ಬ್ರೇಕು ಹನ್ನೆರಡಕ್ಕೂ ಹಿಡಿಯೂದಿಲ್ಲ. ಎರಡು ದಿನ ಗಾಡಿ ಬಿಡ್ರಿ, ಹೊಸಾದು ಹಾಕಿ ಕೊಡ್ತೇನಿ."

"ಆಷಾಢ ಬಂದೈತಿ," ಎಂದರು ಗುರುಶಿದ್ದಪ್ಪನವರು. "ಆಷಾಢದಾಗ ಕಬ್ಬಿಣ ಬಿಚ್ಚಬಾರದು."

ಕಟ್ಟೆಯ ಮೇಲಿಂದ ಬೀರವ್ವ ಕೇಳಿದಳು: "ಹಂಗಾರ ಟಿಜೂರಿ ಬೀಗ ಶ್ರಾವಣದಾಗ ತಗೀತೀಯೇನು?"

ಶರೀಫಸಾಬ ನಗುವನ್ನು ಕೈವಸ್ತ್ರದಲ್ಲಿ ಒರೆಸಿಕೊಂಡ. "ಬ್ಯಾಡ್ರಿ, ಈಗ ಬಿಚ್ಚೂದು ಬ್ಯಾಡ. ಅಲ್ಲೀತನಕ ಹಿಂಗ ಮಾಡ್ರಿ. ಏರಿಗೆ ಮಾರಿ ಮಾಡಿ ನಿಲ್ಲಿಸಿದಾಗ ಒಂದನೇ ಗೇರಿನ್ಯಾಗ ಹಾಕಿ ಇಂಜಿನ್ ಬಂದ್ ಮಾಡ್ರಿ. ಇಳಿಜಾರಿಗೆ ಮಾರಿ ಇದ್ರ ರಿವರ್ಸ್ ಗೇರು. ಮುಂದಿನ ಗಾಲಿ ತಿರುವಿ ಇಡ್ರಿ. ಉರುಳಿದ್ರ ಗಾಡಿ ಗೋಡಿಗೆ ತಾಗಿ ನಿಲ್ಲಬೇಕು, ಓಣಿ ಇಳೀಬಾರದು. ಬರೇ ಕಲ್ಲಿನ ಮ್ಯಾಲ ಭರೋಸಾ ಇಡಬ್ಯಾಡ್ರಿ. ಮಳಿಗಾಲದಾಗ ಕಲ್ಲ ಜಾರತೈತಿ."

"ಗೇರು ಇರೂದು ಹೋಗಾಕ. ನಿಲ್ಲಾಕಲ್ಲ."

"ಹೋಗಾಕ ಇರೂ ಕಾಲಿನ ಮ್ಯಾಲೆ ನಾವು ನಿಲ್ಲೂದಿಲ್ಲೇನ್ರಿ?" ಅವನು ಬರಿದಾದ ಅಂಗಳದ ಕಡೆ ಕೈ ತೋರಿದ. "ಅದೂ ಬ್ಯಾಡಂದ್ರ ಇಷ್ಟ ಛಲೋ ಸಪಾಟ ಜಾಗಾ ಐತಿ. ಹಿಂದಕ್ಕ ತಗೊಂಡು ಒಳಗ ಹಚ್ಚ್ರಿ. ಗಾಡಿ ಮಾರಿ ಉತ್ತರಕ್ಕ ಆಗ್ತೈತಿ. ಉತ್ತರ ಕುಬೇರಂದು ಅಂತ ನೀವ ನಮ್ಮ ಗ್ಯಾರೇಜಿಗೆ ಬಂದು ಹೇಳಿದ್ರೆಲ್ಲ."

ಈ ಸಲಹೆ ನಿರ್ದೋಷವಾಗಿತ್ತು. ದೋಷವಿದ್ದುದು ಬೇರೆ ಕಡೆ. ಗುರುಶಿದ್ದಪ್ಪನವರಿಗೆ ಕಾರನ್ನು ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಪ್ರಯತ್ನಿಸಿ ಗೇಟಿನ ಕಂಬವನ್ನು ಒರಗಿಸಿದ್ದರು. ಅದು ಓಣಿಗೆಲ್ಲ ತಿಳಿದಿತ್ತು. ಕಂಬ ಇಂದಿಗೂ ಒರಗಿಯೇ ಇತ್ತು. ಅವರು ಎದೆ ನೆಟ್ಟಗೆ ಮಾಡಿ, ತತ್‌ಕ್ಷಣದಲ್ಲಿ ಒಂದು ಹೊಸ ಶಾಸ್ತ್ರವನ್ನು ರಚಿಸಿದರು.

"ಬೆನ್ನು ಮುಂದ ಮಾಡಿ ಮನಿ ಹೊಗಬಾರದು. ಲಕ್ಷ್ಮಿ ತಿರುಗಿ ಹೋಗ್ತಾಳ."

ಶರೀಫಸಾಬ ಪರಮೇಶನ ಕಡೆ ನೋಡಿದ. "ನೀವರ ಹೇಳ್ರಿ ಸಾಹೇಬ್ರ. ಯಂತ್ರದ ಮಂದಿ ನೀವು."

ಪರಮೇಶ ಕೈಗಡಿಯಾರ ನೋಡಿಕೊಂಡ. "ಅಪ್ಪಾ ಹೇಳ್ಯಾರಂದ್ರ ಏನರ ಇರ್ತೈತಿ ಬಿಡ್ರಿ," ಎಂದ.

ಮೆಕ್ಯಾನಿಕ್ ಗೋಣಿಚೀಲ ಸುತ್ತಿಕೊಂಡು ಹೊರಟ. ಅವನಿಗೆ ಚಹಾ ಕೊಡುವುದನ್ನು ಕೂಡ ಗುರುಶಿದ್ದಪ್ಪನವರು ಮರೆತರು. ಸುಕನ್ಯಾ ಗೇಟಿನವರೆಗೂ ಲೋಟ ಹಿಡಿದುಕೊಂಡು ಹೋಗಿ ಕೊಟ್ಟಳು.

ನಾಲ್ಕು ದಿನದ ಮೇಲೆ, ಜಿಟಿಜಿಟಿ ಮಳೆಯ ಒಂದು ಸಂಜೆ, ಹಾರ್ನ್ ಕೂಗಿತು. ಸುಕನ್ಯಾ ಸೆರಗನ್ನು ತಲೆಗೆ ಹೊದ್ದು ಓಡಿದಳು. ಕಲ್ಲು ತೊಯ್ದಿತ್ತು, ಓಣಿಯ ಮಣ್ಣು ಬೆಣ್ಣೆಯಂತಾಗಿತ್ತು. ಕಲ್ಲನ್ನು ಗಾಲಿಗೆ ತಾಗಿಸಿ ಒತ್ತುತ್ತಿರುವಾಗ, ಅವಳು 'ಆತ್ರಿ' ಎನ್ನುವ ಮೊದಲೇ, ಮಳೆಯಲ್ಲಿ ಕಾಯಲೊಲ್ಲದ ಮಾವ ಕಾಲು ತೆಗೆದರು. ಕಾರು ಒಂದು ಗೇಣು ಹಿಂದೆ ಸರಿದು ಕಲ್ಲನ್ನು ತಳ್ಳಿತು. ಅವಳ ಬಲಗೈಯ ನಡುಬೆರಳು ಕಲ್ಲಿಗೂ ಗಾಲಿಗೂ ನಡುವೆ ಸಿಕ್ಕಿತು.

ಅವಳು ಬೆರಳನ್ನು ಜಗ್ಗಿ ಬಿಡಿಸಿಕೊಂಡಳು. ಕಿಟಕಿಯಿಂದ ಗುರುಶಿದ್ದಪ್ಪನವರ ಮುಖ ಹೊರಬಂದಿತು.

"ಕೈ ಲಗೂ ತಗೀಬೇಕಿಲ್ಲೇನು? ಲಕ್ಷ್ಯ ಎಲ್ಲಿರ್ತೈತಿ?"

ಉಗುರು ಕಪ್ಪಾಯಿತು. ಡಾಕ್ಟರು ಪಟ್ಟಿ ಸುತ್ತಿ, ಎಂಟು ದಿನ ನೀರು ಹಿಟ್ಟು ಮುಟ್ಟಬಾರದೆಂದರು. ಆ ಎಂಟು ದಿನ ಬೀರವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು; ಕಲ್ಲನ್ನು ಮಾತ್ರ ಸುಕನ್ಯಾಳೇ ಎಡಗೈಯಿಂದ ತಳ್ಳಿ ಇಟ್ಟಳು. ಅವಳ ಕೈಯ ರೊಟ್ಟಿ ದಪ್ಪವಾಗಿ, ಅಂಚು ಒಡೆದು ಬರುತ್ತಿತ್ತು. ಎರಡನೆಯ ದಿನವೇ ಗುರುಶಿದ್ದಪ್ಪನವರು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಏನವ್ವಾ ಇದು? ಹಂಚಿನ ಮ್ಯಾಲಿಂದ ತಗದದ್ದೋ, ಗೋಡಿಯಿಂದ ತಗದದ್ದೋ?"

"ನಿನ್ನ ಕಾರಿಗೆ ಸೊಸಿ ಕೈ ಕೊಟ್ಟೀ. ನಿನ್ನ ಹೊಟ್ಟಿಗೆ ಈಗ ನನ್ನ ಕೈ ಬಂತು. ತಿನ್ನು, ಇಲ್ಲಾಂದ್ರ ಬಿಡು. ಇದಕ್ಕೂ ಒಂದು ದಿಕ್ಕ ಹುಡುಕು. ಯಾವ ಕಡೆ ಮಾರಿ ಮಾಡಿ ಕೂತ್ರ ತೆಳ್ಳಗಾಗತೈತಿ ನೋಡು."

"ಸಣ್ಣ ಗಾಯಕ್ಕ ಊರೆಲ್ಲಾ ಸುದ್ದಿ ಮಾಡಬ್ಯಾಡವ್ವಾ."

"ಊರಿಗೆ ನಾ ಹೇಳಿಲ್ಲಪಾ. ನೀ ಹಾರ್ನ್ ಹೊಡೀತಿ, ಊರ ತಾನ ಬಂದು ನೋಡತೈತಿ."

ಪರಮೇಶ ಹಿತ್ತಲಿನ ನಲ್ಲಿಯ ಬಳಿ ಹೆಂಡತಿಯನ್ನು ಸಮಾಧಾನಪಡಿಸಲು ಬಂದ. ಅವನ ಸಮಾಧಾನವೆಂದರೆ ಕಾಲವನ್ನು ಮುಂದೂಡುವುದು.

"ಒಂದು ವರ್ಷ ತಡಿ. ಅಪ್ಪಾ ತಾನಾಗೆ ಒಪ್ಪತಾನ."

"ಯಾವುದಕ್ಕ ಒಪ್ಪತಾರ್ರಿ? ನೌಕರಿಗೋ, ಕೇಬಲ್ಲಿಗೋ?"

"ಎರಡಕ್ಕೂ."

"ನಿಮ್ಮ ಕಾರಖಾನ್ಯಾಗ ಇಂಥಾ ಬ್ರೇಕು ಬಂದ್ರ ಪಾಸ್ ಮಾಡ್ತೀರೇನು?"

"ಹೆಂಗ ಮಾಡೂದು? ರಿಜೆಕ್ಟ್ ಮಾಡ್ತೇನಿ."

"ಮನ್ಯಾಗ?"

ಅವನು ನಲ್ಲಿಯನ್ನು ಬಿಗಿಯಾಗಿ ಮುಚ್ಚಿ ಒಳಗೆ ಹೋದ.

ಆಗಸ್ಟ್ ಒಂದು, ಭಾನುವಾರ. ಮರುದಿನ ಹಾಜರಾಗಬೇಕಾದ ದಿನ. ಮಧ್ಯಾಹ್ನ ಮೈಲಾರಲಿಂಗಪ್ಪ ಎಂಬ ಬೀಜದ ವ್ಯಾಪಾರಿ ಹುಬ್ಬಳ್ಳಿಯಿಂದ ಬಂದ. ಹೊಸ ಗೋದಾಮು ಕಟ್ಟಿಸುತ್ತಿದ್ದವನು, ಬಾಗಿಲು ಎಲ್ಲಿಡಬೇಕೆಂದು ಕೇಳಲು ಬಂದಿದ್ದ. ಬಾಗಿಲಿನ ವಿಚಾರ ಮುಗಿಸಿ, ತಾನು ಕೊಂಡ ಜೀಪನ್ನು ಎಲ್ಲಿ ನಿಲ್ಲಿಸಲೆಂದು ಕೇಳಿದ. ಗುರುಶಿದ್ದಪ್ಪನವರು ಕಣ್ಣು ಮುಚ್ಚಿದರು. ಕಂಠವನ್ನು ಗಂಟೆಯಂತೆ ಮೊಳಗಿಸಿದರು.

"ಪ್ರಾಙ್ಮುಖೋ ವಾಹನಂ ಸ್ಥಾಪಯೇತ್. ವಾಹನದ ಮಾರಿ ಪೂರ್ವಕ್ಕಿರಬೇಕು. ನಮ್ಮ ಕಾರ ನೋಡ್ರಿ ಹೊ‍ರಗ. ಏರಿದ್ರೇನು, ಇಳಿವಿದ್ರೇನು, ಶಾಸ್ತ್ರ ಬಿಡಲಿಲ್ಲ ನಾವು."

ಆಗ ಸುಕನ್ಯಾ ಚಹಾ ತಂದಳು. ಅತಿಥಿ ಪಟ್ಟಿ ಕಟ್ಟಿದ ಬೆರಳನ್ನು ನೋಡಿ, ಸೌಜನ್ಯಕ್ಕೆಂದು ಮಾತಾಡಿಸಿದ.

"ನೀವು ಸಂಸ್ಕೃತ ಎಂ.ಎ. ಅಂತಲ್ಲವಾ? ನಿಮ್ಮ ಮಾವಾರು ಹೇಳಿದ್ದು ಬರೋಬ್ಬರಿ ಐತೇನು? ಜೀಪಿಗೆ ಜಾಗಾ ಹೊಂದಸಾಕ ಒಂದು ಗೋಡಿ ಒಡಿಸಬೇಕಾಗತೈತಿ, ಅದಕ್ಕ ಕೇಳಿದೆ."

ಗುರುಶಿದ್ದಪ್ಪನವರು ಉದಾರವಾಗಿ ನಕ್ಕರು. "ಹೇಳವಾ, ಹೇಳು. ನಿನ್ನ ಓದು ಒಂದಕ್ಕರ ಉಪಯೋಗ ಆಗಲಿ."

ಸುಕನ್ಯಾ ತಟ್ಟೆಯನ್ನು ಕೆಳಗಿಟ್ಟು ಹೊತ್ತಿಗೆಯನ್ನು ಕೈಗೆತ್ತಿಕೊಂಡಳು. ಇಷ್ಟು ತಿಂಗಳಲ್ಲಿ ಅದನ್ನು ತೆರೆಯಲು ಅವಳಿಗೆ ಅಪ್ಪಣೆಯಾದುದು ಇದೇ ಮೊದಲು. ಎಪ್ಪತ್ತೊಂದನೆಯ ಪುಟವನ್ನು ಓದಿ, ಹಿಂದಿನ ಪುಟಕ್ಕೆ ತಿರುವಿ ಅದನ್ನೂ ಓದಿದಳು.

"'ಪ್ರಾಙ್ಮುಖಃ' ಅಂದ್ರ ಪೂರ್ವಕ್ಕ ಮಾರಿ ಮಾಡಿದಂವ, ಅಂತ್ರಿ. ಪುಲ್ಲಿಂಗ ಐತಿ. 'ವಾಹನಂ' ನಪುಂಸಕಲಿಂಗ. ಅದಕ್ಕ ಇದು ಹೊಂದೂದಿಲ್ಲ. ಪೂರ್ವಕ್ಕ ಮಾರಿ ಇರಬೇಕಾದ್ದು ವಾಹನಕ್ಕಲ್ಲ, ಅದನ್ನ ಇಡಾವಗ."

"ಅಂದ್ರ ಡ್ರೈವರಗ?" ಎಂದ ಮೈಲಾರಲಿಂಗಪ್ಪ.

"ಅಲ್ರಿ, ಅರ್ಚಕಗ. ಹಿಂದಿನ ಸಾಲು ನೋಡ್ರಿ, ಗರ್ಭಗುಡಿ ಮುಂದ ಅಂತೈತಿ. ಇಲ್ಲಿ ವಾಹನ ಅಂದ್ರ ದೇವರ ವಾಹನ. ಶಿವನ ಗುಡಿಯಾಗ ನಂದಿ. ಪೂರ್ವಕ್ಕ ಮಾರಿ ಮಾಡಿ ನಿಂತು ನಂದಿ ಪ್ರತಿಷ್ಠಾಪನಾ ಮಾಡಬೇಕು, ಅಂತ ಇದರ ಅರ್ಥ."

ಅವಳ ದನಿಯಲ್ಲಿ ವಿಜಯವೂ ಇರಲಿಲ್ಲ, ವಿನಯವೂ ಇರಲಿಲ್ಲ. ಕರಿಹಲಗೆಯ ಮುಂದೆ ನಿಂತವರ ದನಿಯದು. ಮೈಲಾರಲಿಂಗಪ್ಪ ಚಹಾವನ್ನು ಬಟ್ಟಲಿಗೆ ಸುರಿದು ನಿಧಾನವಾಗಿ ಕುಡಿದ.

"ಹಂಗಾರ ಇದು ಬಸವಣ್ಣಂದು. ಜೀಪಿಂದಲ್ಲ. ಬಸವಣ್ಣಗೇನು, ಹ್ಯಾಂಡ್‌ಬ್ರೇಕಿನ ಕಾಳಜಿ ಇಲ್ಲ, ಕೂತಲ್ಲೇ ಕೂತಿರ್ತಾನ." ಅವನು ಎದ್ದು ಕೈಮುಗಿದ. "ಛಲೋ ಆತು ತಂಗಿ, ಒಂದು ಗೋಡಿ ಉಳೀತು ನಂದು."

ನಾಲ್ಕು ತಿಂಗಳ ಕಾಲ ಒಂದು ಕಾರು ನಂದಿಯ ವಿಧಿಯಂತೆ ಏರಿನ ಮೇಲೆ ಪ್ರತಿಷ್ಠಿತವಾಗಿತ್ತು. ಅದರ ಸೇವೆಯಲ್ಲಿ ಒಬ್ಬಳ ಉಗುರು ಹೋಗಿತ್ತು. ಇದನ್ನು ತಿಳಿದ ಮೇಲಾದರೂ ನಾಚಿಕೊಳ್ಳುವವನು ಮನುಷ್ಯ. ಗುರುಶಿದ್ದಪ್ಪನವರು ಅತಿಥಿಯನ್ನು ಗೇಟಿನವರೆಗೆ ಕಳಿಸಿ ಬಂದು, ಹೊತ್ತಿಗೆಯನ್ನು ದೇವರ ಗೂಡಿನಲ್ಲಿಟ್ಟು, ಸೊಸೆಯನ್ನು ಕರೆದರು.

"ಮಂದಿ ಮುಂದ ಮಾನ ತಗದಿ. ಇದು ನೀ ಕಲಿತದ್ದು?"

"ನೀವ ಹೇಳು ಅಂದ್ರೆಲ್ರಿ."

"ನಾಳೆ ಹುಬ್ಬಳ್ಳಿಗೆ ಹೋಗೂದಿಲ್ಲ ನೀ. ಆಷಾಢದಾಗ ಹೊಸ ಕೆಲಸ ಹಿಡೀಬಾರದು. ಅದರ ಮ್ಯಾಲೆ ಸೋಮವಾರ ಮುಂಜಾನೆ ರಾಹುಕಾಲ."

"ನಾಳೆ ಹೋಗದಿದ್ರ ಬ್ಯಾರೆದಾರನ್ನ ತಗೋತಾರ್ರಿ."

"ತಗೊಳ್ಳಲಿ. ಹೋಗೂದ ಖರೇ ಅಂದ್ರ, ಕಲ್ಲ ಇಟ್ಟ ಹೋಗಬೇಕು."

"ನೀವು ಬರೂ ಮೊದಲ ಹೆಂಗ ಇಡ್ಲಿರಿ?"

"ನಾ ಬರೂತನಕ ನಿಲ್ಲು."

"ಬಸ್ ನಿಲ್ಲೂದಿಲ್ರಿ," ಎಂದಳು ಸುಕನ್ಯಾ. ಒಳಗೆ ಹೋಗಿ, ಮರುದಿನ ಉಡುವ ಸೀರೆಗೆ ಇಸ್ತ್ರಿ ಹಾಕಿದಳು. ಪರಮೇಶ ಪತ್ರಿಕೆಯ ಒಂದೇ ಪುಟವನ್ನು ಊಟದ ಹೊತ್ತಿನವರೆಗೂ ಓದಿದ.

ಸೋಮವಾರ ಬೆಳಿಗ್ಗೆ ಆರೂವರೆಗೆ ಗುರುಶಿದ್ದಪ್ಪನವರು ಎಂದಿನಂತೆ ಕಾರು ತೆಗೆದುಕೊಂಡು ಗುಡಿಗೆ ಹೋದರು. ಪರಮೇಶನ ಪಾಳಿ ಆರಕ್ಕೇ ಇತ್ತು. ಸುಕನ್ಯಾ ಓಣಿಯ ನಡುವಿನ ಕಲ್ಲನ್ನು ಬದಿಗೆ ಸರಿಸಿದಳು, ಉಪ್ಪಿಟ್ಟು ಮಾಡಿ ಮುಚ್ಚಿಟ್ಟಳು, ಬೀರವ್ವನ ಕಾಲಿಗೆರಗಿದಳು.

"ಬುತ್ತಿ ಕಟ್ಟಿಕೊಂಡೀಯಿಲ್ಲೋ?" ಎಂದಳು ಮುದುಕಿ.

"ಹೂಂನ್ರಿ."

"ಹೋಗಿ ಬಾ. ಛತ್ರಿ ಮರೀಬ್ಯಾಡ."

ಏರಿನ ಬುಡದಲ್ಲಿ ಬಸ್ಸಿನ ನಿಲ್ದಾಣ. ಏಳು ನಲವತ್ತು ಕಳೆಯಿತು, ಬಸ್ಸು ಬರಲಿಲ್ಲ. ಏಳು ಮುಕ್ಕಾಲಿಗೆ ಬೂದು ಬಣ್ಣದ ಕಾರು ಕೆಳಗಿನ ರಸ್ತೆಯಿಂದ ಬಂದು, ಅವಳ ಮುಂದೆಯೇ ತಿರುಗಿ ಓಣಿಯನ್ನು ಏರಿತು. ಗುರುಶಿದ್ದಪ್ಪನವರು ಅವಳನ್ನು ನೋಡಿದರು. ನೋಡಿಲ್ಲವೆಂಬಂತೆ ನೇರ ಮುಂದೆ ದೃಷ್ಟಿ ನೆಟ್ಟರು. ಕಾರು ಗೇಟಿನ ಮುಂದೆ ನಿಂತಿತು. ಹಿಂದಿನ ಎರಡು ಕೆಂಪು ದೀಪಗಳು ಹೊತ್ತಿಕೊಂಡವು. ಹಾರ್ನ್ ಕೂಗಿತು.

ಒಮ್ಮೆ. ಎರಡು ಸಲ. ಆಮೇಲೆ ಉದ್ದಕ್ಕೆ.

"ಯಾರಿಗೋ ಒದರಾಕತ್ತೈತಿ," ಎಂದಳು ನಿಲ್ದಾಣದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಲಾಲಬಿ.

"ನನಗ," ಎಂದಳು ಸುಕನ್ಯಾ.

"ನಿನಗ? ಹೋಗಬೇಕಿಲ್ಲೇನವಾ ಮತ್ತ?"

ಮನೆ ಅಲ್ಲಿಂದ ನೂರಿಪ್ಪತ್ತು ಹೆಜ್ಜೆ. ಹಾರ್ನ್ ನಿಲ್ಲಲೊಲ್ಲದು. ನಿಲ್ದಾಣದಲ್ಲಿದ್ದ ಆರೇಳು ಜನ ಅವಳ ಕಡೆ ತಿರುಗಿದರು. ಸುಕನ್ಯಾಳ ಕಾಲುಗಳು ನಾಲ್ಕು ತಿಂಗಳ ರೂಢಿಯಿಂದ ತಾವೇ ನಾಲ್ಕು ಹೆಜ್ಜೆ ಏರಿದವು. ಅಲ್ಲಿ ನಿಂತಳು. ಅಷ್ಟರಲ್ಲಿ ಹಿಂದೆ ಬಸ್ಸಿನ ಸದ್ದು ಕೇಳಿತು. ಅವಳು ತಿರುಗಿ ಇಳಿದು ಬಂದು, ಎಡಗೈಯಿಂದ ಸರಳು ಹಿಡಿದು ಹತ್ತಿದಳು. ಬಸ್ಸು ಹೊರಟಾಗ ಕಿಟಕಿಯಲ್ಲಿ ಏರಿನ ಮೇಲೆ ಎರಡು ಕೆಂಪು ದೀಪಗಳು ಇನ್ನೂ ಉರಿಯುತ್ತಿದ್ದವು.

ಸಂಜೆ ಆರೂವರೆಗೆ ಅವಳು ಮರಳಿದಾಗ ಗೇಟಿನ ಹೊರಗೆ ಕಾರಿರಲಿಲ್ಲ. ಅಂಬಾಬಾಯಿ ತನ್ನ ಹೊಗೆಯ ಮನೆಯಿಂದ ಹೊರಗೆ ಬಂದು ನಿಂತಿದ್ದಳು. ದಿನವಿಡೀ ಈ ಕ್ಷಣಕ್ಕಾಗಿ ಕಾದಿದ್ದಂತೆ ಕಂಡಿತು.

"ಒಂದೂಕಾಲ ತಾಸು ಕೂತಿದ್ರವಾ ನಿಮ್ಮ ಮಾವಾರು. ಕಾಲ ತಗದ್ರ ಗಾಡಿ ಹಿಂದಕ್ಕ, ಕಾಲ ಇಟ್ರ ಇಳಿಯಾಕ ಬರೂದಿಲ್ಲ. ನಿಮ್ಮ ಬೀರವ್ವ ಆಯಿ ಕಟ್ಟಿ ಮ್ಯಾಲೆ ಕೂತು ಉಪ್ಪಿಟ್ಟು ತಿಂದ್ರು. 'ಅವ್ವಾ, ಯಾರನ್ನರ ಕರಿ' ಅಂದ್ರ, 'ನಿಮ್ಮಪ್ಪ ಚಕ್ಕಡಿ ಹೂಡತಿದ್ದ. ತಾನ ಇಳಿದು, ತಾನ ಎತ್ತು ಬಿಚ್ಚಿ, ತಾನ ಗಾಲಿಗೆ ಕಲ್ಲ ಇಡತಿದ್ದ. ನನಗ ಒಂದು ದಿನ ಹೇಳಲಿಲ್ಲ' ಅಂದ್ರು. 'ಇಳಿಯಾಕ ಬರವಲ್ದವ್ವಾ' ಅಂದ್ರ, 'ಹಂಗಾರ ಕೂಡು' ಅಂದ್ರು."

"ನೀವರ ಇಡಬಾರದಿತ್ತೇನ್ರಿ ಕಲ್ಲ?"

"ಹೋಗಿದ್ದೆ ನಾ. ನಿಮ್ಮ ಆಯಿನ ಕೈ ಹಿಡಿದು ನಿಲ್ಲಿಸಿದ್ರು. 'ನೀ ಒಲಿ ಸರಿಸಿದ್ದು ಸಾಕು' ಅಂದ್ರು." ಅಂಬಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕಡೀಕ ನಾನ ಶರೀಫಸಾಬನ್ನ ಕರಿಸಿದೆ. ಅಂವ ಕಿಟಕ್ಯಾಗ ಬಗ್ಗಿ, 'ಕ್ಲಚ್ ಒತ್ರಿ, ಒಂದನೇ ಗೇರ್ ಹಾಕ್ರಿ, ಚಾವಿ ತಿರುವಿ ಬಂದ್ ಮಾಡ್ರಿ, ಈಗ ಮೆಲ್ಲಕ ಕಾಲ ತಗೀರಿ' ಅಂದ. ಗಾಡಿ ಒಂದು ಗೇಣು ಜಗ್ಗಿ ನಿಂತಬಿಡ್ತು. ನಿಮ್ಮ ಮಾವಾರಿಗೆ ಮಾತ್ರ ನಿಲ್ಲಾಕ ಆಗಲಿಲ್ಲ, ಕಾಲು ಜೋಮು ಹಿಡಿದಿತ್ತು. ಶರೀಫಸಾಬನ ಹೆಗಲ ಹಿಡಕೊಂಡ ಒಳಗ ಹೋದ್ರು. ಗಾಡಿ ಅಂವ ಗ್ಯಾರೇಜಿಗೆ ಒಯ್ದ."

ಆಷಾಢದ ಆ ದಿನವೇ ಕಬ್ಬಿಣ ಬಿಚ್ಚಲಾಯಿತೆಂದು ಓಣಿಯಲ್ಲಿ ಬೇರೆ ಹೇಳಬೇಕಾಗಿರಲಿಲ್ಲ.

ಊಟಕ್ಕೆ ಬೀರವ್ವ ಝುಣಕ ಮಾಡಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಸುಕನ್ಯಾ ಎಲ್ಲರ ಜೊತೆಯಲ್ಲಿಯೇ ತಟ್ಟೆ ಹಾಕಿಕೊಂಡು ಕುಳಿತಳು. ಬಡಿಸುವವರಿಲ್ಲದೆ ಪಾತ್ರೆ ನಡುವೆ ಇತ್ತು. ಗುರುಶಿದ್ದಪ್ಪನವರು ಬಲಗಾಲನ್ನು ಚಾಚಿ ಗೋಡೆಗೆ ಒರಗಿದ್ದರು. ಅರ್ಧ ರೊಟ್ಟಿ ಮುಗಿಸಿ, ಕಚೇರಿಯಲ್ಲಿ ಆದೇಶಕ್ಕೆ ಸಹಿ ಮಾಡುತ್ತಿದ್ದ ದನಿಯನ್ನು ತೆಗೆದರು.

"ನೌಕರಿ ಬಗ್ಗೆ ವಿಚಾರ ಮಾಡೇನಿ. ಮಾಡಲಿ. ಮನಿಗೂ ಆಧಾರ ಆಗತೈತಿ. ಶ್ರಾವಣದ ಮೊದಲನೇ ಸೋಮವಾರ ಮುಹೂರ್ತ ಛಲೋ ಐತಿ. ಅವತ್ತ ಹಾಜರಾಗಬೇಕು."

"ಇವತ್ತ ಹಾಜರಾಗಿ ಬಂದೇನ್ರಿ," ಎಂದಳು ಸುಕನ್ಯಾ.

"ಎಷ್ಟೊತ್ತಿಗೆ?"

"ಒಂಬತ್ತಕ್ಕ ಹತ್ತು ನಿಮಿಷ ಇತ್ರಿ."

ಅವರು ಬೆರಳು ಮಡಿಚಿ ಎಣಿಸಿದರು. "ರಾಹುಕಾಲ."

"ಹೌದ್ರಿ. ಮಸ್ಟರಿಗೆ ಸಹಿ ಮಾಡಿದ ಹದಿನಾಕು ಮಂದೀನೂ ಅದ ಹೊತ್ತಿಗೆ ಮಾಡಿದ್ರು. ದಿನಾ ಮಾಡ್ತಾರಂತ." ಅವಳು ಇನ್ನೊಂದು ರೊಟ್ಟಿಗೆ ಕೈಚಾಚಿದಳು. "ಮೂರನೇ ತಾಸಿಗೆ ನನಗ ಏಳನೇ ಇಯತ್ತೆ ಕೊಟ್ಟಾರ. ನಲವತ್ತೆರಡು ಹುಡುಗ್ಯಾರು."

ಅಪ್ಪಣೆ ಗುರುಶಿದ್ದಪ್ಪನವರ ಬಾಯಿಂದ ಹೊರಟಿತ್ತು, ಆದರೆ ಅದನ್ನು ಪಡೆಯಲು ಅಲ್ಲಿ ಯಾರೂ ಇರಲಿಲ್ಲ. ಅವರು ನೀರಿನ ಲೋಟವನ್ನು ಎತ್ತಿದರು, ಅದು ಖಾಲಿಯಾಗಿತ್ತು. ಯಾರೂ ಏಳದ್ದನ್ನು ಕಂಡು ತಾವೇ ತಂಬಿಗೆಯನ್ನು ಎಳೆದುಕೊಂಡರು.

ಸುಕನ್ಯಾ ಕೈ ತೊಳೆದು ಬಂದು ಗಂಡನ ಮುಂದೆ ನಿಂತಳು.

"ನಾಳಿನ ಪಾಠ ನೋಡೋದೈತ್ರಿ ನನಗ. ಭಾಂಡೆ ಇವತ್ತ ನೀವು ತಿಕ್ರಿ."

ಪರಮೇಶ ತಂದೆಯನ್ನು ನೋಡಿದ. ತಂದೆ ನೀರು ಕುಡಿಯುತ್ತಿದ್ದರು. ಅಜ್ಜಿಯನ್ನು ನೋಡಿದ. ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚುತ್ತಿದ್ದಳು. ಅವನು ಎದ್ದು, ಲುಂಗಿಯನ್ನು ಮೊಣಕಾಲಿನ ಮೇಲೆ ಕಟ್ಟಿ, ತಟ್ಟೆಗಳನ್ನು ಒಂದರ ಮೇಲೊಂದು ಅಳತೆಗೆ ಸರಿಯಾಗಿ ಪೇರಿಸಿಕೊಂಡು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಅವನ ತಲೆ ಕಾಣಿಸಿತು.

"ತಿಕ್ಕೂ ನಾರು ಎಲ್ಲಿರ್ತೈತಿ?"

"ಹುಡುಕ್ರಿ," ಎಂದಳು ಸುಕನ್ಯಾ, ಪುಸ್ತಕದಿಂದ ತಲೆ ಎತ್ತದೆ.